ಸೋಮವಾರದ ಫಲಾಹಾರ

ಹನ್ನೆರಡು ವರ್ಷಗಳಿಂದ ನಾನು ಕುಡಿದಿಲ್ಲ. ಈ ಮಾತು ಇಂದಿಗೂ ಖರೆ. ಈ ಖರೆ ಮಾತನ್ನೇ ಹಿಡಿದುಕೊಂಡು ನಾನು ಏಳು ತಿಂಗಳು ಹೆಂಡತಿಗೆ, ಗೆಳೆಯನಿಗೆ, ದೇವರಿಗೂ ಮೋಸ ಮಾಡಿದೆ. ಮೆಟ್ರಿಕ್ ಓದಿದವನು ನಾನು, ಬರೆದು ರೂಢಿಯಿಲ್ಲ. ಆದರೆ ಹೆಂಡತಿಯ ತಮ್ಮನ ಬಗ್ಗೆ ಕಮಲಾಪುರದಲ್ಲಿ ಕೆಲವರು ಇನ್ನೂ ತಪ್ಪು ತಿಳಿದುಕೊಂಡಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಮಲಾಪುರದಲ್ಲಿ ನನ್ನದೊಂದು ಬಾಳೆಕಾಯಿ ಹಣ್ಣು ಮಾಡುವ ಕೋಣೆ ಇದೆ. ನಮ್ಮ ಕಡೆಯ ಕೆಂಪು ಬಾಳೆಯ ಗೊನೆಗಳನ್ನು ಒಳಗೆ ಹುಲ್ಲಿನಲ್ಲಿ ಮುಚ್ಚಿ, ಹೊಗೆ ಕೊಟ್ಟು, ಬಾಗಿಲು ಹಾಕುತ್ತೇವೆ. ಬಾಗಿಲು ತೆರೆದು ಒಮ್ಮೆ ಉಸಿರೆಳೆದರೆ ಸಾಕು, ಹಣ್ಣು ಎಷ್ಟನೇ ದಿನದ್ದೆಂದು ಹೇಳಬಲ್ಲೆ. ನನ್ನ ಮೂಗಿಗೆ ವ್ಯಾಪಾರಸ್ಥರಲ್ಲಿ ಒಳ್ಳೆಯ ಹೆಸರಿದೆ. ಬಾಯಿಗೆ ಇರಲಿಲ್ಲ. ಒಮ್ಮೆ ಕುಡಿದ ಅಮಲಿನಲ್ಲಿ ಹೊಗೆ ಹಾಕಿದ್ದನ್ನು ಮರೆತು ಮಲಗಿದೆ, ಕೋಣೆಯ ಮಾಲೆಲ್ಲ ಕರ್ರಗಾಯಿತು. ಮರುದಿನವೇ ಹೆಂಡತಿ ನನ್ನನ್ನು ಬಸ್ಸಿಗೆ ಹತ್ತಿಸಿ ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಕರೆದೊಯ್ದಳು. ತೆಂಗಿನಕಾಯಿ ಕೈಯಲ್ಲಿ ಹಿಡಿದು ನಿಂತು, "ಹೇಳ್ರಿ" ಎಂದಳು. "ಇನ್ನ ಮ್ಯಾಲ ಕುಡಿಯೋದಿಲ್ಲ" ಎಂದೆ. ಅವಳು ಕಾಯಿ ಒಡೆಸಿದಳು.

ಆ ಆಣೆಯಿಂದಾಗಿಯೇ ಒಂದು ಬಾಟಲಿ ನನ್ನ ಕೈಗೆ ಬಂತು. ನನ್ನ ಗೆಳೆಯರೊಬ್ಬರು ನಿವೃತ್ತ ದನದ ಡಾಕ್ಟರು, ಶಹಾಬಜಾರದ ಹಳೆಯ ಮನೆಯಲ್ಲಿ ಇರುತ್ತಾರೆ. ಯುಗಾದಿಗೆ ಮುಂಚೆ ಒಂದು ದಿನ ಕಮಲಾಪುರಕ್ಕೆ ಬಂದು, ಧೋತರದ ತುಂಡಿನಲ್ಲಿ ಸುತ್ತಿದ ಬಾಟಲಿಯೊಂದನ್ನು ಚೀಲದಿಂದ ತೆಗೆದರು.

"ದೋಸ್ತ, ಇದನ್ನ ನಿನ್ನ ಕೋಣ್ಯಾಗ ಇಡು. ನಮ್ಮನ್ಯಾಗ ಉಳ್ಳಾಗಡ್ಡಿ ಸೈತ ಹಿಂಬಾಗಲಿಂದ ಬರ್ತದ. ಇದು ಯಾವ ಬಾಗಲಿಂದ ಬರಬೇಕು?"

"ಏನ್ರೀ ಇದು ಡಾಕ್ಟ್ರ?"

"ವಿಸ್ಕಿ. ಸ್ಕಾಟ್‌ಲ್ಯಾಂಡಿನ ಸಿಂಗಲ್ ಮಾಲ್ಟ್. ನಲವತ್ತು ವರ್ಷ ಪೀಪಾಯಿದಾಗ ಕುಂತಿತ್ತು."

"ನಲವತ್ತು ವರ್ಷ? ಯಾರೂ ತಗೊಳ್ಳಲಿಲ್ಲೇನ್ರಿ?"

ನಾನು ತಮಾಷೆ ಮಾಡಿರಲಿಲ್ಲ. ನಾಲ್ಕು ದಿನ ತಡವಾದರೆ ಮಾಲು ಕೊಳೆಯುವ ಧಂದೆ ನನ್ನದು. ಇಡುತ್ತ ಹೋದಂತೆ ಬೆಲೆ ಏರುವ ಮಾಲೂ ಇರುತ್ತದೆಂದು ಡಾಕ್ಟರು ಅರ್ಧ ತಾಸು ತಿಳಿಸಿ ಹೇಳಿದರು. ಹೈದರಾಬಾದಿನ ಸಾಹೇಬರೊಬ್ಬರ ರೇಸು ಕುದುರೆಯನ್ನು ಇವರು ಹಿಂದೆ ಬದುಕಿಸಿದ್ದರಂತೆ. ಆ ಸಾಹೇಬರ ಕಾಣಿಕೆ ಇದು. ಇಬ್ಬರೂ ಒಂದೊಂದು ಗುಟುಕು ಕುಡಿದು ಮುಚ್ಚಿಟ್ಟಿದ್ದರು. ಉಳಿದದ್ದು ದೀಪಾವಳಿ ಆದ ಮೇಲೆ, ಡಾಕ್ಟರಿಗೆ ಎಪ್ಪತ್ತೈದು ತುಂಬುವ ದಿನಕ್ಕೆ. ಬಾಟಲಿಯ ಮೇಲಿನ ಚೀಟಿಯ ಮೇಲಂಚಿಗೆ ಸರಿಯಾಗಿ ವಿಸ್ಕಿ ನಿಂತಿತ್ತು.

"ನೀ ಆಣಿ ಮಾಡಿದಾಂವ. ನಿನ್ನ ಹತ್ರ ಇಟ್ರ ಗುಡ್ಯಾಗ ಇಟ್ಟಂಗ" ಎಂದು ಹೇಳಿ ಅವರು ಬಸ್ಸು ಹಿಡಿದರು.

ಒಂದು ವಾರ ನಾನು ಅದರ ಕಡೆ ನೋಡಲಿಲ್ಲ. ಎರಡನೆಯ ವಾರ, ಇಷ್ಟು ಹೆಸರಾದ ಮೂಗು ಇಟ್ಟುಕೊಂಡು ಮೂಸದಿದ್ದರೆ ಹೇಗೆ ಅನ್ನಿಸಿತು. ಮೂಸುವುದು ಕುಡಿಯುವುದಲ್ಲ. ಬೂಚು ತೆಗೆದೆ. ಹಳೆಯ ಮರದ ಪೆಟ್ಟಿಗೆ, ಜೇನು, ಒಂಚೂರು ಹೊಗೆ. ಇವೆಲ್ಲದರ ಹಿಂದೆ, ದೇವರಾಣೆ, ಬಾಳೆಹಣ್ಣು! ನಮ್ಮದೇ ಕೆಂಪು ಬಾಳೆ, ಆರನೇ ದಿನದ್ದು. ನನ್ನ ಕೋಣೆಯ ವಾಸನೆ ಬಾಟಲಿಯೊಳಗೆ ಹೊಕ್ಕಿತೆಂದು ಹೆದರಿ ಬೂಚು ಗಟ್ಟಿಯಾಗಿ ಹಾಕಿದೆ. ಹೊಕ್ಕಿದೆಯೋ ಇಲ್ಲವೋ ಎಂದು ನೋಡಲು ಮರುದಿನ ಮತ್ತೆ ತೆಗೆದೆ.

ಅದರ ಮರುದಿನ ಸೋಮವಾರ. ಸೋಮವಾರ ನನಗೆ ಉಪವಾಸ, ಅಂದರೆ ಹಣ್ಣು ಮಾತ್ರ. ಕೋಣೆಯಲ್ಲಿ ಕೂತು ಬಾಳೆಹಣ್ಣು ಸುಲಿದಾಗ ಒಂದು ವಿಚಾರ ಹೊಳೆಯಿತು. ನಾನು ದೇವರ ಮುಂದೆ ಹೇಳಿದ್ದು ಕುಡಿಯುವುದಿಲ್ಲ ಎಂದು. ತಿನ್ನುವುದಿಲ್ಲ ಎಂದು ಹೇಳಿರಲಿಲ್ಲ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಒಂದು ಅಳತೆ ತೆಗೆದು, ಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಅದರ ಮೇಲೆ ಹನಿಸಿ, ಸ್ವಲ್ಪ ನೆನೆಯಲು ಬಿಟ್ಟೆ. ತಿಂದೆ. ಎರಡು ಬಾಳೆಹಣ್ಣು ಒಂದನ್ನೊಂದು ಗುರುತು ಹಿಡಿದು ಅಪ್ಪಿಕೊಂಡ ಹಾಗಾಯಿತು. ನಾನು ಸುಮ್ಮನೆ ಗೋಡೆಗೆ ಒರಗಿದೆ.

ಅಲ್ಲಿಂದ ನನ್ನ ಭಕ್ತಿ ಬೆಳೆಯಿತು. ಮೊದಲು ಸೋಮವಾರದ ಉಪವಾಸವೆಂದರೆ ಗೊಣಗುತ್ತಿದ್ದವನು ಗುರುವಾರವನ್ನೂ ಹಿಡಿದೆ. ಆಮೇಲೆ ಏಕಾದಶಿ. ಶ್ರಾವಣದಲ್ಲಿ ಕೇಳುವುದೇ ಬೇಡ. ಹೆಂಡತಿ ನೆರೆಮನೆಯವಳಿಗೆ, "ನಮ್ಮ ಮನಿಯವರಿಗಿ ಈಗೀಗ ಭಾಳ ವೈರಾಗ್ಯ ಬಂದದವ್ವಾ. ಕೋಣ್ಯಾಗ ಒಬ್ರೇ ಕುಂತು ಎರಡೇ ಹಣ್ಣು ತಿಂತಾರ. ಹೊರಗ ಬಂದ್ರ ಮುಖದ ಮ್ಯಾಲ ಎಂಥಾ ಕಳೆ!" ಎಂದು ಹೇಳುವುದು ನನ್ನ ಕಿವಿಗೆ ಬೀಳುತ್ತಿತ್ತು. ಈ ಸುದ್ದಿ ಶಹಾಬಜಾರಕ್ಕೂ ಮುಟ್ಟಿ, ಡಾಕ್ಟರ ಹೆಂಡತಿ ತಮ್ಮ ಗಂಡನಿಗೆ ನನ್ನನ್ನು ನೋಡಿ ಕಲಿಯಲು ಹೇಳಿದರಂತೆ.

ಇಲ್ಲಿ ಹೆಂಡತಿಯ ತಮ್ಮನ ಮಾತು ಹೇಳಬೇಕು. ಅವನು ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದು, ಶಹಾಬಜಾರದಲ್ಲೇ ಖೋಲಿ ಹಿಡಿದಿದ್ದಾನೆ. ಭಾನುವಾರ ನಮ್ಮಲ್ಲಿಗೆ ಬಂದು ಗೊನೆ ಎತ್ತಿಡಲು ಕೈ ಹಚ್ಚುತ್ತಾನೆ. ಕುಡುಕನೆಂದು ಹೆಸರಾದವನು. ಹಾಗಾಗಿ ನನ್ನ ಹೆಂಡತಿ ಸ್ವಂತ ತಮ್ಮನಿಗೇ ಹೊರಗಿನ ಕಟ್ಟೆಯ ಮೇಲೆ ಊಟ ಹಾಕುತ್ತಿದ್ದಳು. ಅವನು ಅದೇ ಯುಗಾದಿಗೆ ಬಿಟ್ಟ. ನನ್ನಂತೆ ತೆಂಗಿನಕಾಯಿ, ಗುಡಿ ಏನೂ ಇಲ್ಲ. ಬಿಟ್ಟೆ ಅಂದ, ಬಿಟ್ಟ. ಎರಡು ತಿಂಗಳು ಕಾದು ನೋಡಿ ಅಕ್ಕ ಅವನ ತಾಟನ್ನು ಒಳಗೆ ಹಾಕಿದಳು. ಅಂದು ಅವನು ರೊಟ್ಟಿ ಮುರಿಯುವಾಗ ತಲೆ ಮೇಲೆತ್ತಲಿಲ್ಲ.

ದೀಪಾವಳಿ ಮುಗಿಯಿತು. ಭಾನುವಾರ ಮಧ್ಯಾಹ್ನ ಡಾಕ್ಟರೂ ಹೈದರಾಬಾದಿನ ಸಾಹೇಬರೂ ಕಮಲಾಪುರಕ್ಕೆ ಬಂದರು. ಕೋಣೆಯ ಮುಂದಿನ ಬೇವಿನ ಗಿಡದ ನೆರಳಲ್ಲಿ ಕುರ್ಚಿ ಹಾಕಿದೆ. ಡಾಕ್ಟರು ಪೇಪರಿನಲ್ಲಿ ಸುತ್ತಿದ ಸಣ್ಣ ಗ್ಲಾಸು ತೆಗೆದು, ವಿಸ್ಕಿಗೆ ಎಣಿಸಿ ನಾಲ್ಕು ಹನಿ ನೀರು ಬಿಡಲು ಡ್ರಾಪರ್ ಇಟ್ಟರು. ಸಾಹೇಬರು ಅದನ್ನೇ ನೋಡಿದರು.

"ಡಾಕ್ಟರ್ ಸಾಬ್, ಇದು ಎಮ್ಮಿ ಕಣ್ಣಿಗಿ ಔಷಧ ಬಿಡೋದಲ್ಲ ಹೌದಲ್ರೀ?"

"ಹೊಸಾದದ ರೀ ಸಾಹೇಬ್ರ. ಎಮ್ಮಿ ಇನ್ನೂ ನೋಡಿಲ್ಲ."

ನಾನು ಬಾಟಲಿ ತಂದಿಟ್ಟೆ. ನಗು ನಿಂತಿತು. ಚೀಟಿಯ ಮೇಲಂಚಿಗೆ ಇದ್ದದ್ದು ಈಗ ಚೀಟಿಯ ಕೆಳಗೆ ಇಳಿದಿತ್ತು. ಉಪವಾಸಕ್ಕೊಂದು ಮುಚ್ಚಳ ಹನಿಸಿದವನಿಗೆ ಅದು ಕಂಡೇ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಂಡಿತ್ತು.

"ಈ ಕೋಣಿ ಕೀಲಿ ಯಾರ್ಯಾರ ಹತ್ರ ಅದ?" ಎಂದರು ಡಾಕ್ಟರು.

"ನನ್ನ ಹತ್ರ ಒಂದದ. ಇವನ ಹತ್ರ ಒಂದದ" ಎಂದೆ. ಇದೂ ಖರೆ ಮಾತೇ.

ಆಗ ಹೆಂಡತಿಯ ತಮ್ಮ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಎಲ್ಲರೂ ಅವನ ಕಡೆ ತಿರುಗಿದರು.

"ಏನಪಾ, ಒಂದ ಗುಟುಕು ಕುಡ್ದಿದ್ರ ಮಾಫಿ ಇತ್ತು. ಅರ್ಧಾ ಬಾಟ್ಲಿ?"

"ನಾ ಮುಟ್ಟಿಲ್ರೀ ಡಾಕ್ಟ್ರ. ಏಳು ತಿಂಗಳಾತು. ಮಾವ, ನೀವರೆ ಹೇಳ್ರಿ."

ನಾನು ಬೇವಿನ ಗಿಡ ನೋಡಿದೆ. ಮಿರ್ಚಿ ಭಜಿಯ ತಾಟು ಹಿಡಿದು ಬಂದ ಹೆಂಡತಿ ಎಲ್ಲ ಕೇಳಿಸಿಕೊಂಡಳು. ತಾಟು ಇಟ್ಟು, ತಮ್ಮನಿಗೆ, "ಕೀಲಿ ಕೊಡು. ಇನ್ನ ಒಳಗ ನಿನ್ನ ತಾಟ ಇಲ್ಲ" ಎಂದಳು. ಅವನು ಕೀಲಿಯನ್ನು ಭಜಿಯ ಪಕ್ಕದಲ್ಲಿಟ್ಟು ಬಸ್ ಸ್ಟ್ಯಾಂಡ್ ಕಡೆ ನಡೆದ.

ಉಳಿದದ್ದನ್ನು ಅವರಿಬ್ಬರೂ ರುಚಿ ನೋಡಿದರು. ಸಾಹೇಬರು ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, "ಇದರಾಗ ಒಂದು ಹಣ್ಣಿನ ವಾಸ್ನಿ ಅದ, ಯಾವುದಂತ ಗೊತ್ತಾಗವಲ್ದು" ಎಂದರು. ಡಾಕ್ಟರು ಗ್ಲಾಸನ್ನು ನನ್ನ ಮೂಗಿಗೆ ಹಿಡಿದರು. "ನೀ ಕುಡೀಬ್ಯಾಡ, ಮೂಸಿ ಹೇಳು."

"ಕೆಂಪು ಬಾಳಿ. ಆರನೇ ದಿನದ್ದು" ಎಂದೆ.

ಸಾಹೇಬರು ಎದ್ದು ನಿಂತು ನನ್ನ ಕೈ ಕುಲುಕಿದರು. ಹಳೆಯ ಮಾಲಿಗೆ ತಾನಾಗಿಯೇ ಬಾಳೆಹಣ್ಣಿನ ವಾಸನೆ ಬರುತ್ತದಂತೆ, ನನ್ನ ಕೋಣೆಯದಲ್ಲವಂತೆ. "ಬಾಯಿಗೆ ಹಚ್ಚದೇ ಹೇಳ್ಯಾರ! ಕ್ಯಾ ನಾಕ್ ಹೈ, ಎಂಥಾ ಮೂಗು!" ಎಂದು ಅವರು ಡಾಕ್ಟರಿಗೆ ಹೇಳುತ್ತಲೇ ಇದ್ದರು. ಕಳ್ಳನಿಗೆ ಶಾಲು ಹೊದಿಸಿದಂತಿತ್ತು.

ಮರುದಿನ ಸೋಮವಾರ. ಹೆಂಡತಿ ತಾನೇ ಹಣ್ಣು ಸುಲಿದು ತಂದಳು. "ಇವತ್ತ ನನ್ನ ತಮ್ಮನ ಸಲುವಾಗಿ ಬೇಡ್ಕೋರಿ. ನಿಮ್ಮ ಉಪವಾಸಕ್ಕರೆ ಅವನಿಗಿ ಬುದ್ಧಿ ಬರಲಿ."

ಹಣ್ಣನ್ನು ಕೆಳಗಿಟ್ಟೆ.

"ಅವ ಕುಡ್ದಿಲ್ಲ" ಎಂದೆ.

"ಮತ್ಯಾರು ಕುಡ್ದಾರ?"

"ಯಾರೂ ಕುಡ್ದಿಲ್ಲ. ನಾ ತಿಂದೀನಿ."

"ಬಾಟ್ಲಿ ತಿಂದೀರಿ?"

ಎಲ್ಲ ಬಿಡಿಸಿ ಹೇಳಿದೆ. "ಏಕಾದಶಿ?" ಎಂದಳು. "ಹೂಂ." "ಶ್ರಾವಣ ಸೋಮವಾರ ಸೈತ?" "ಸೈತ." "ಬಾಟ್ಲಿ ಯುಗಾದಿಗಿ ಬಂತಂತ ಶಿವರಾತ್ರಿ ಉಳೀತು" ಎಂದವಳೇ ಸೀರೆ ಬದಲಿಸಲು ಎದ್ದಳು.

ಮತ್ತೆ ಅದೇ ಬಸ್ಸು, ಅದೇ ಗುಡಿ. ಈ ಸಲ ಅವಳು ನನ್ನ ಬಾಯಿಗೆ ಬಿಡಲಿಲ್ಲ, ಒಂದೊಂದಾಗಿ ಹೇಳಿಕೊಟ್ಟಳು: ಕುಡಿಯೋದಿಲ್ಲ, ತಿನ್ನೋದಿಲ್ಲ, ನೆಕ್ಕೋದಿಲ್ಲ, ಮೂಸೋದಿಲ್ಲ. ಸ್ವಲ್ಪ ಯೋಚಿಸಿ, "ಮೈಗಿ ಹಚ್ಕೊಳ್ಳೋದಿಲ್ಲ ಅಂತನೂ ಅನ್ರಿ" ಎಂದಳು. ಅಂದೆ.

ಅಲ್ಲಿಂದ ಡಾಕ್ಟರನ್ನು ಮನೆಯಿಂದ ಕರೆದುಕೊಂಡು ಅವಳ ತಮ್ಮನ ಖೋಲಿಗೆ ಹೋದೆವು. ಅವನು ಸ್ಟೋವಿನ ಮೇಲೆ ಅನ್ನಕ್ಕಿಟ್ಟಿದ್ದ. ನಾನು ನಿಂತೇ ಹೇಳಿದೆ. ಡಾಕ್ಟರು ಹಣೆ ಚಚ್ಚಿಕೊಂಡರು.

"ನಲವತ್ತು ವರ್ಷದ ಮಾಲ್ ಸೀಕರಣಿ ಮಾಡ್ಕೊಂಡು ತಿಂದಿಯೇನೋ! ಕುಡ್ದಿದ್ರರೆ ಇಷ್ಟು ಹೊಟ್ಟಿ ಉರೀತಿರಲಿಲ್ಲ!"

ಹೆಂಡತಿಯ ತಮ್ಮ ಸ್ಟೋವು ಸಣ್ಣ ಮಾಡಿದ. "ಮಾವ, ನಿನ್ನಿ ಬಸ್ ಇಳದು ಇಲ್ಲೀ ತನಕ ನಾಲ್ಕು ಅಂಗಡಿ ಬಂದವು. ಹ್ಯಾಂಗೂ ಹೆಸರು ಕೆಟ್ಟದ, ಕುಡದೇ ಬಿಡೂಣಂತ ಪ್ರತಿ ಅಂಗಡಿ ಮುಂದ ನಿಂತೆ." ಅಷ್ಟು ಹೇಳಿ ಅನ್ನ ತಿರುವಿದ. "ಕುಡೀಲಿಲ್ಲ."

ಅವನ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೀಲಿಯನ್ನು ಅವನ ಮುಂದಿಟ್ಟಳು. ಅವನು ತಕ್ಷಣ ಎತ್ತಿಕೊಳ್ಳಲಿಲ್ಲ. ಮೂರು ಭಾನುವಾರ ಬರಲೂ ಇಲ್ಲ. ನಾಲ್ಕನೆಯದಕ್ಕೆ ಬಂದ.

ಈಗ ಭಾನುವಾರ ಅವನ ತಾಟು ಒಳಗೆ, ನನ್ನದು ಕಟ್ಟೆಯ ಮೇಲೆ. ಹೋಗಿಬರುವವರು ಯಾಕೆಂದು ಕೇಳಿದರೆ ಸುಳ್ಳು ಹೇಳುವಂತಿಲ್ಲ, ಬರೀ ಖರೆ ಹೇಳಿಯೂ ಬಿಡುವಂತಿಲ್ಲ, ಪೂರಾ ಹೇಳಬೇಕು. ಇದು ಹೆಂಡತಿಯ ಅಪ್ಪಣೆ. ಬಾಳೆಹಣ್ಣಿನ ಮಾತು ಬಂದಾಗ ಅವಳ ತಮ್ಮ ಒಳಗಿನಿಂದ, "ಮಾವ, ಮುಚ್ಚಳದ ಅಳತಿ ಹೇಳೋದು ಬಿಟ್ರಿ" ಎಂದು ಕೂಗುತ್ತಾನೆ. ನಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳಿಯಾಯಿತು. ಓಣಿಗೆ ಬರದವರು ಉಳಿದಿದ್ದರು. ಅವರಿಗಾಗಿ ಇದು.