ಮಾಟಗಾತಿಯ ಕುಂದು

ಸ್ನೇಹಿತರೇ, ಈ ಸಂಜೆ ತಮಿಳುನಾಡಿನ ಪೋರೂರಿನ ನಮ್ಮ ಫ್ಲ್ಯಾಟಿನಲ್ಲಿ ಒಬ್ಬ ಮಾಟಗಾತಿಯ ಜನನವಾಯಿತು. ಪಾತ್ರಗಳನ್ನು ಸೃಷ್ಟಿಸಿಕೊಂಡು ಆಡುವ ರೋಲ್ ಪ್ಲೇ ಆಟಕ್ಕೆ ಮಗಳು ಅಜ್ಜಿಯನ್ನೂ, ಅಂದರೆ ನನ್ನ ಅಮ್ಮನನ್ನೂ ಸೇರಿಸಿಕೊಂಡಿದ್ದಳು. ತಮ್ಮ ಪಾತ್ರವಾದ ಮಾಟಗಾತಿಯ ಹೆಸರು, ಶಕ್ತಿ ಎಲ್ಲ ಬರೆಸಿದ ಅಮ್ಮ, 'ದೌರ್ಬಲ್ಯ' ಎಂಬ ಕಾಲಂ ಬಂದದ್ದೇ ಪೆನ್ನು ಕಿತ್ತುಕೊಂಡರು.

"ಹುಡುಗಿಯ ಕುಂದನ್ನ ಯಾರಾದ್ರೂ ತಾವಾಗೇ ಬರ್ಕೊಡ್ತಾರೇನೇ? ಆಮೇಲೆ ಗಂಡು ಸಿಗೋದು ಹೇಗೆ?"

"ಅಜ್ಜಿ, ವೀಕ್‌ನೆಸ್ ಇಲ್ಲಾಮ ವಿಳೈಯಾಡ ಮುಡಿಯಾದು!" ದೌರ್ಬಲ್ಯವಿಲ್ಲದೆ ಆಡೋಕಾಗಲ್ಲ ಎಂದಳು ಮಗಳು, ಎಂದಿನಂತೆ ತಮಿಳಿನಲ್ಲಿ.

ಅಮ್ಮ ಯೋಚಿಸಿದರು. "ಸರಿ, ಬರ್ಕೊ. ಈ ಮಾಟಗಾತಿಗೆ ತಮಿಳು ಬರಲ್ಲ."

ಬರೆದ ಮೇಲೆ ಪಾಲಿಸಲೇಬೇಕು, ಅದು ಆಟದ ನಿಯಮ. ವರ್ಷಗಟ್ಟಲೆ ನಾನು ಗೋಗರೆದರೂ ಕನ್ನಡಕ್ಕೆ ಬಾಯಿಬಿಡದ ಮಗಳು, ಒಂದು ಗಂಟೆ ಕಾಲ "ಅಜ್ಜಿ, ಹಿಂದೆ ರಾಕ್ಷಸ ಬರ್ತಿದಾನೆ, ಓಡು!" ಎಂದು ಕನ್ನಡದಲ್ಲೇ ಕಿರುಚಿದಳು.

ಆ ರಾಕ್ಷಸ ನೂರ್ಕಾಲ ಬಾಳಲಿ.