ಅಟ್ಟದ ಮೇಲಿನ ಎಳ್ಳುಬೆಲ್ಲ

ಬೆಳಗಿನ ಲಿಂಗಪೂಜೆ ಮುಗಿದ ಮೇಲೆ ಗುರುಸಿದ್ದಮ್ಮ ನೇರವಾಗಿ ಒಲೆಯ ಕಡೆ ಹೋಗುತ್ತಿರಲಿಲ್ಲ. ವಿಭೂತಿ ಹತ್ತಿದ ಬೆರಳುಗಳನ್ನು ಹಾಗೆಯೇ ಹಿಡಿದುಕೊಂಡು ನಡುಮನೆಗೆ ಬಂದು, ಇನ್ನೂ ಮಲಗಿರುತ್ತಿದ್ದ ಮಕ್ಕಳ ಪಕ್ಕದಲ್ಲಿ ಕೂತು, ಒಬ್ಬೊಬ್ಬರ ಹಣೆಗೂ ಮೆಲ್ಲಗೆ ಎಳೆಯುತ್ತಿದ್ದಳು. ಹಣೆ ಬೆಚ್ಚಗಿದೆಯೇ, ಉಸಿರು ಸಲೀಸಾಗಿದೆಯೇ ಎಂಬುದು ಆಗಲೇ ಗೊತ್ತಾಗಿಬಿಡುತ್ತಿತ್ತು. ತನಗೇ ಜ್ವರ ಬಂದ ದಿನವೂ ಗೋಡೆ ಹಿಡಿದುಕೊಂಡು ಬಂದು ಎಳೆದು ಹೋಗಿದ್ದುಂಟು.

ಮಕ್ಕಳು ಅವಳು ಹೆತ್ತವಲ್ಲ, ಮೈದುನ ಈಶ್ವರಯ್ಯನವು. ಗಂಡ ತೀರಿಕೊಂಡ ಮೇಲೂ ಅವಳು ತವರಿಗೆ ಹೋಗದೆ ಚನ್ನರಾಯಪಟ್ಟಣದ ಆ ಮನೆಯಲ್ಲೇ ಉಳಿದಿದ್ದಳು. ಈಶ್ವರಯ್ಯನದು ಕೊಬ್ಬರಿ ವ್ಯಾಪಾರ. ಮನೆಯ ಹಿಂಭಾಗದ ಅಟ್ಟದ ಮೇಲೆ ತೆಂಗಿನಕಾಯಿಗಳು ತಿಂಗಳುಗಟ್ಟಲೆ ಒಣಗಿ, ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾಗುತ್ತಿದ್ದವು. ಆ ವರ್ಷ ಸಂಕ್ರಾಂತಿಗೆ ಮುಂಚೆಯೇ ಮಕ್ಕಳ ತಾಯಿ ನೀಲಾಂಬಿಕೆ ಹೆರಿಗೆಗೆಂದು ಹೊಳೆನರಸೀಪುರಕ್ಕೆ ಹೋಗಿದ್ದಳು. ಗಾಡಿ ಹತ್ತುವಾಗ, "ಅಕ್ಕಾ, ಮೂರನ್ನೂ ನಿಮ್ಮ ಮಡಿಲಿಗೆ ಹಾಕಿ ಹೋಗ್ತಾ ಇದ್ದೀನಿ" ಎಂದು ಕಣ್ಣೊರೆಸಿಕೊಂಡಿದ್ದಳು.

ಹಿರಿಯವಳು ಗಂಗಾಂಬಿಕೆಗೆ ಒಂಬತ್ತು ವರ್ಷ. ಷಡಕ್ಷರಿಗೆ ಆರು. ಪಾಲಾಕ್ಷ ಇನ್ನೂ ತೊದಲು ಮಾತಿನವನು.

ಅದು ಯುದ್ಧದ ಕಾಲ. ಸಕ್ಕರೆಗೆ ಕಂಟ್ರೋಲು ಬಂದಿತ್ತು. ಹಿಂದೆಲ್ಲ ಎಳ್ಳು ಬೀರಿ ಬಂದ ಹುಡುಗಿಯರ ತಟ್ಟೆಯಲ್ಲಿ ಸಕ್ಕರೆ ಅಚ್ಚಿನ ಆನೆ, ನವಿಲು, ಬಸವ ಎಲ್ಲ ತುಂಬಿರುತ್ತಿದ್ದವು. ಈ ಸಲ ಗಂಗಾ ಊರೆಲ್ಲ ತಿರುಗಿ ಬಂದರೂ ಅಚ್ಚು ಸಿಕ್ಕಿದ್ದು ನಾಲ್ಕಾರು ಮನೆಯಲ್ಲಿ, ಅದೂ ಹೆಬ್ಬೆರಳಿನಷ್ಟು. ಇದ್ದದ್ದು ಕಡಿಮೆಯಾದಷ್ಟೂ ಜಗಳ ಜಾಸ್ತಿಯಾಯಿತು. ಆನೆಯ ಸೊಂಡಿಲನ್ನು ಷಡಕ್ಷರಿ ಕಚ್ಚಿದ, ಗಂಗಾ ಅವನ ಜುಟ್ಟು ಹಿಡಿದಳು, ಇಬ್ಬರೂ ಕಾದಾಡುತ್ತಿರುವಾಗ ಪಾಲಾಕ್ಷ ಕೈಗೆ ಸಿಕ್ಕಿದಷ್ಟು ಎಳ್ಳು ತಿಂದು ಹೊಟ್ಟೆ ಕೆಡಿಸಿಕೊಂಡ.

ಗುರುಸಿದ್ದಮ್ಮ ಎಲ್ಲವನ್ನೂ ಒಂದು ತಪ್ಪಲೆಗೆ ಸುರಿದು, ಬಟ್ಟೆ ಕಟ್ಟಿ, ಅಟ್ಟದ ಮೇಲಿನ ಕೊಕ್ಕೆಗೆ ನೇತು ಹಾಕಿದಳು. ದಿನಾ ದೀಪ ಹಚ್ಚಿದ ಮೇಲೆ ಒಬ್ಬೊಬ್ಬರಿಗೂ ಒಂದು ಹಿಡಿ. ಅಷ್ಟಕ್ಕೇ ಬಿಡಲಿಲ್ಲ. ಮೂವರನ್ನೂ ಎದುರಿಗೆ ಕೂರಿಸಿಕೊಂಡು, ತನ್ನ ಕೊರಳಿನ ಲಿಂಗದ ಕರಡಿಗೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು. "ದೊಡ್ಡವ್ವ ಕೊಡದೆ ಎಳ್ಳುಬೆಲ್ಲ ತಿನ್ನಲ್ಲ." ಪಾಲಾಕ್ಷನೂ ತನಗೆ ಬಂದ ಹಾಗೆ ಹೇಳಿದ. ಜಗಳ ಅಲ್ಲಿಗೆ ನಿಂತಿತು. ಗುರುಸಿದ್ದಮ್ಮನಿಗೆ ತನ್ನ ಉಪಾಯದ ಮೇಲೆ ತನಗೇ ಮೆಚ್ಚುಗೆಯಾಯಿತು.

ಹಬ್ಬ ಕಳೆದು ಎರಡು ದಿನವಾಗಿತ್ತು. ಈಶ್ವರಯ್ಯ ಅರಕಲಗೂಡಿಗೆ ಹೋಗಿದ್ದ. ಗುರುಸಿದ್ದಮ್ಮ ಹಿತ್ತಲ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಕೊಬ್ಬರಿ ನೋಡಿಕೊಳ್ಳುವ ಆಳು ಮಂಚಯ್ಯ ಏಣಿಯಿಂದ ಇಳಿದು ಬಂದ.

"ಒಂದ್ ಇಲಿನೂ ಸತ್ತಿಲ್ಲ ಕಣ್ರವ್ವಾ. ದೊನ್ನೆ ಮಾತ್ರ ಮಂಗಮಾಯ."

"ಯಾವ ದೊನ್ನೆಯೋ?"

"ಪಾಸಾಣದ್ದು. ರಾತ್ರಿ ಮಡಗಿದ್ನಲ್ಲ. ಬರೀ ರಾಗಿ ಇಟ್ಟಲ್ಲಿ ಕಲಸಿಟ್ರೆ ಮೂಸೂ ನೋಡಕ್ಕಿಲ್ಲ, ಕೊಬ್ರಿ ತಿಂದು ಕೊಬ್ಬಿರೋವು. ಅದ್ಕೆ ನಿಮ್ ತಪ್ಪಲೇಲಿದ್ದ ಎಳ್ಳುಬೆಲ್ಲನೇ ಒಂದ್ ಬೊಗಸೆ ತಗಂಡು ಕಲಸ್ದೆ. ಅವೂ ಅಬ್ಬ ಮಾಡ್ಲಿ ಅಂತ." ಮಂಚಯ್ಯ ನಗಾಡಿದ.

ಮೊರ ಜಾರಿ ಅಕ್ಕಿ ಚೆಲ್ಲಿತು. "ದೊನ್ನೆ ಎಲ್ಲೋ?"

"ಇಲಿ ಎಳ್ಕಂಡ್ ಓಗಿರ್ಬೇಕು."

"ಒಂದು ಎಳ್ಳು ಕಾಳೂ ಚೆಲ್ಲದಂಗೆ ಎಳ್ಕೊಂಡು ಹೋಗುತ್ತೇನೋ ಇಲಿ?"

ಮಂಚಯ್ಯನ ನಗು ಬಾಯಲ್ಲೇ ಒಣಗಿತು.

ಗುರುಸಿದ್ದಮ್ಮ ಸೆರಗು ಸಿಕ್ಕಿಸಿ ತಾನೇ ಏಣಿ ಹತ್ತಿದಳು. ಮೂಲೆಯ ಧೂಳಿನಲ್ಲಿ ದೊನ್ನೆ ಇಟ್ಟ ಗುರುತು ಗುಂಡಗೆ ಬಿದ್ದಿತ್ತು. ಪಕ್ಕದಲ್ಲೇ ಒಂದು ಪುಟ್ಟ ಹೆಜ್ಜೆ.

ಅವಳು ಸರಸರನೆ ಇಳಿದಳು. ಮಕ್ಕಳನ್ನು ಕೂಗಿದಳು. "ಎಳ್ಳುಬೆಲ್ಲ ತಿಂದ್ರೇನ್ರೋ? ನಿಜ ಹೇಳಿ."

"ಇಲ್ಲ ದೊಡ್ಡವ್ವಾ" ಎಂದಳು ಗಂಗಾ. "ದೇವರಾಣೆಗೂ ಇಲ್ಲ" ಎಂದ ಷಡಕ್ಷರಿ. ಪಾಲಾಕ್ಷ, ಈಗ ಕೊಡುತ್ತಾರೇನೋ ಎಂದು ಕೈ ಚಾಚಿದ.

"ಪಾಸಾಣ ಐತೆ ಕಣ್ರಪ್ಪೋ ಅದ್ರಾಗೆ! ತಿಂದಿದ್ರೆ ಏಳ್ಬುಡ್ರಪ್ಪೋ!" ಮಂಚಯ್ಯ ತಲೆ ಚಚ್ಚಿಕೊಳ್ಳತೊಡಗಿದ.

ಗುರುಸಿದ್ದಮ್ಮ ಮಾತಿಗೆ ಕಾಯಲಿಲ್ಲ. ಚೊಂಬಿನ ತುಂಬ ಉಪ್ಪು ಕದಡಿ, ಮೂವರ ಮೂಗು ಹಿಡಿದು ಕುಡಿಸಿ, ಬೆನ್ನು ಬಗ್ಗಿಸಿ ಕಕ್ಕಿಸಿದಳು. ಬೆಳಿಗ್ಗೆ ತಿಂದ ಅಕ್ಕಿ ರೊಟ್ಟಿ ಬಂತು. ಎಳ್ಳಿನ ಒಂದು ಕಾಳೂ ಕಾಣಲಿಲ್ಲ. "ಶಿವಪ್ಪ ಕಾಪಾಡ್ದ" ಎಂದು ಮಂಚಯ್ಯ ನೆಲಕ್ಕೆ ಕುಸಿದ.

ಗುರುಸಿದ್ದಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ತಿಂದಿಲ್ಲ, ಸರಿ. ದೊನ್ನೆ ಹೋಗಿದ್ದೆಲ್ಲಿಗೆ? ಈ ಮನೆಯಲ್ಲಿ ಇಲ್ಲದ್ದು ಊರಿನಲ್ಲಿ ಯಾವ ಮಗುವಿನ ಕೈಯಲ್ಲಿದೆ?

ಷಡಕ್ಷರಿ ಅಳುತ್ತಿದ್ದ. ಗಂಗಾ ಅಳುತ್ತಿರಲಿಲ್ಲ. ಮುಖ ಬೂದಿಯಾಗಿತ್ತು. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಗುರುಸಿದ್ದಮ್ಮನ ಕೈ ಹೊಡೆಯಲು ಮೇಲೆದ್ದಿತು. ಹೊಡೆದರೆ ಈ ಬಾಯಿ ಇನ್ನೂ ಬಿಗಿಯುತ್ತದೆ ಎಂದು ಆ ಹೊತ್ತಿನಲ್ಲೂ ಹೊಳೆಯಿತು. ಓಡಬೇಕೆಂದು ಕಾಲು ಹಾತೊರೆಯುತ್ತಿರುವಾಗ ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಗಂಗಾ, ನೀನು ತಿಂದಿಲ್ಲ. ಸುಳ್ಳೂ ಹೇಳಿಲ್ಲ. ಯಾರಿಗೆ ಕೊಟ್ಟೆ ಮಗಳೇ?"

ಹುಡುಗಿ ಕದಲಲಿಲ್ಲ. ಬೀದಿಯಲ್ಲಿ ಕಾಯಿ ತುಂಬಿದ ಗಾಡಿಯೊಂದು ಕಿರುಗುಟ್ಟುತ್ತಾ ಹಾದು ಹೋಯಿತು. ಅದು ಪೂರ್ತಿ ಹಾದು ಹೋಗುವ ತನಕ ಗುರುಸಿದ್ದಮ್ಮ ಒಳಗೊಳಗೇ ಶಿವಶಿವಾ ಎನ್ನುತ್ತಿದ್ದಳು.

"ಕೊಟ್ರೂ ಕಣ್ಣು ಹೋಗ್ತವಾ?" ಗಂಗಾಳ ದನಿ ಕೇಳಿಯೂ ಕೇಳದಂತಿತ್ತು.

"ಯಾರು ಹೇಳಿದ್ರು ಹಂಗಂತ?"

"ನೀವೇ. ಆಣೆ ತಪ್ಪಿದ್ರೆ ಶಿವ ಕಣ್ಣು ಕೀಳ್ತಾನೆ ಅಂದ್ರಲ್ಲ."

ಅಂದಿದ್ದಳು. ಮಕ್ಕಳು ಹೆದರಲಿ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದಳು. ಗುರುಸಿದ್ದಮ್ಮ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಅವಳು ಲಿಂಗ ಮುಟ್ಟಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವಳಲ್ಲ.

"ಆಣೆ ಇಡಿಸಿದೋಳು ನಾನು. ಇಗೋ, ನಾನೇ ಬಿಡಿಸಿದೆ. ತಪ್ಪಿದ್ರೆ ಹೋಗೋದು ನನ್ನ ಕಣ್ಣು, ನಿಂದಲ್ಲ. ಈಗ ಹೇಳು."

"ಪಾಪಿಗೆ." ತಡೆದಿದ್ದ ಅಳು ಒಮ್ಮೆಲೇ ಒಡೆಯಿತು. "ಅವರ ಮೇಕೆ ಮರಿ ಹಾಕೈತೆ. ಎಳ್ಳುಬೆಲ್ಲ ತಂದ್ಕೊಟ್ರೆ ಮರಿ ಎತ್ಕೊಳಾಕೆ ಬಿಡ್ತೀನಿ ಅಂದ್ಲು. ಬೆಳಿಗ್ಗೆ ಕೊಟ್ಟೆ. ನಾನು ತಿನ್ನಲ್ಲ ಅಂತ ತಾನೇ ಆಣೆ ಇಟ್ಟಿದ್ದು?"

ಪಾಪಿ ಎಂದರೆ ಪಾಪಮ್ಮ, ಮಂಡಿಯಲ್ಲಿ ಕಾಯಿ ಸುಲಿಯುವ ಬೆಟ್ಟಮ್ಮನ ಮಗಳು. ಗುಡಿಸಲು ಕೆರೆ ಏರಿಯ ಆಚೆ.

"ಮಂಚಯ್ಯಾ, ಗಾಡಿ ಕಟ್ಕೊಂಡು ಏರಿ ಹತ್ರ ಬಾ!" ಎಂದು ಕೂಗಿ, ಗಂಡುಮಕ್ಕಳಿಬ್ಬರನ್ನೂ ಪಕ್ಕದ ಮನೆಯ ಕಮಲಾಕ್ಷಮ್ಮನ ಬಳಿ ಬಿಟ್ಟು, ಗುರುಸಿದ್ದಮ್ಮ ಓಡಿದಳು. ಮಠಕ್ಕೆ ಹೋಗುವಾಗ ಬಿಟ್ಟರೆ ಬೀದಿಗೆ ಇಳಿಯದ ಹೆಂಗಸು ಹಗಲು ಹೊತ್ತಿನಲ್ಲಿ ಕಾಯಿ ಮಂಡಿಯ ನಡುವೆ ತಲೆಯ ಸೆರಗು ಜಾರಿಸಿಕೊಂಡು ಓಡುವುದನ್ನು ಜನ ನಿಂತು ನೋಡಿದರು. "ಏನ್ರವ್ವಾ, ಮನೇಗೇನಾರ ಬೆಂಕಿ ಬಿತ್ತಾ?" ಎಂದು ಯಾರೋ ಕೂಗಿದರು. ಅವಳ ಹಿಂದೆ ಗಂಗಾ ಲಂಗ ಎತ್ತಿ ಹಿಡಿದುಕೊಂಡು ಬಿಕ್ಕುತ್ತಾ ಓಡಿ ಬರುತ್ತಿದ್ದಳು.

ಬೆಟ್ಟಮ್ಮ ಆಗತಾನೆ ಕೆಲಸದಿಂದ ಬಂದು ಹೊಸಲಿನ ಮೇಲೆ ಕೂತಿದ್ದಳು. ದೊನ್ನೆ ಅವಳ ಮಡಿಲಲ್ಲಿತ್ತು. ಒಂದು ಚಿಟಿಕೆ ಎತ್ತಿ ಬಾಯ ಹತ್ತಿರ ಒಯ್ದಿದ್ದಳು. ಗುರುಸಿದ್ದಮ್ಮ ಮಾತಾಡುವಷ್ಟು ಉಸಿರಿಲ್ಲದೆ, ಬಂದ ರಭಸಕ್ಕೇ ಆ ಕೈಗೆ ಹೊಡೆದಳು. ಎಳ್ಳು, ಬೆಲ್ಲ, ಕೊಬ್ಬರಿ ಚೂರು ಅಂಗಳದ ತುಂಬ ಚೆಲ್ಲಿದವು.

ಬೆಟ್ಟಮ್ಮ ಸೆಟೆದು ನಿಂತಳು. "ನನ್ ಮಗ್ಳು ಕದ್ದಿಲ್ಲ ಕಣ್ರವ್ವೋ! ನಿಮ್ ಮಗೀನೇ ತಂದ್ಕೊಟ್ಟಿದ್ದು, ಕೇಳಿ ಬೇಕಾದ್ರೆ. ಒಂದ್ ಇಡಿ ಎಳ್ಳಿಗೆ ಇಲ್ಲಿಗಂಟ ಓಡ್ಬಂದು ಬಾಯಿಗ್ ಬಂದಿದ್ದ ಒಡೀತೀರಲ್ಲ, ನಿಮ್ಗೇನ್ ಬಂದಿರೋದು ಬರಗಾಲ?"

"ಪಾಷಾಣ... ಬೆಟ್ಟವ್ವಾ, ಅದರಲ್ಲಿ ಇಲಿ ಪಾಷಾಣ ಐತೆ."

ಮೇಕೆ ಮರಿ ಚೆಲ್ಲಿದ್ದನ್ನು ಮೂಸಲು ಬಂತು. ಗಂಗಾ ಅದನ್ನು ಬಾಚಿ ಎತ್ತಿಕೊಂಡಳು.

ಬೆಟ್ಟಮ್ಮ ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. "ತಿಂದ್ಯೇನೇ? ಬೊಗಳೇ, ತಿಂದ್ಯಾ?"

"ನೀನು ಬರ್ಲಿ ಅಂತ ಮಡಗಿದ್ದೆ ಕಣವ್ವ. ಒಂದೇ ಒಂದ್ ಕೊಬ್ರಿ ಚೂರು ಚೀಪಿವ್ನಿ."

ಉಪ್ಪು ನೀರು ಕುಡಿಸಿದ್ದು, ಮಂಚಯ್ಯ ಎತ್ತುಗಳ ಬಾಲ ತಿರುಚಿ ಗಾಡಿ ಹೊಡೆದದ್ದು, ಪಾಪಿ ದಾರಿಯುದ್ದಕ್ಕೂ ಗುರುಸಿದ್ದಮ್ಮನ ಬಿಳಿ ಸೀರೆಯ ಮೇಲೆ ಕಕ್ಕಿಕೊಂಡದ್ದು, ಎಲ್ಲ ಒಂದೇ ಉಸಿರಿನಲ್ಲಿ ಆದಂತಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ರಬ್ಬರು ನಳಿಗೆ ಇಳಿಸಿ ಹೊಟ್ಟೆ ತೊಳೆದರು. "ಬೇಗ ತಂದಿದ್ದೀರಿ. ಸಂಜೆ ತನಕ ಹಾಲು ಕುಡಿಸ್ತಾ ಇರಿ. ಈಗಲೇ ಏನೂ ಹೇಳೋಕಾಗಲ್ಲ" ಎಂದರು.

ಆಸ್ಪತ್ರೆಯ ಜಗಲಿಯ ಮೇಲೆ ಪಾಪಿ ಮುದುಡಿ ಮಲಗಿದ್ದಳು. ಆಗಾಗ ಹೊಟ್ಟೆ ಹಿಡಿದುಕೊಂಡು ಮುಲುಗುತ್ತಿದ್ದಳು. ಗುರುಸಿದ್ದಮ್ಮ ಅವಳ ಹೊಟ್ಟೆಯನ್ನು ನೀವುತ್ತಾ ಪಂಚಾಕ್ಷರಿ ಹೇಳಿಕೊಳ್ಳಲು ನೋಡಿದಳು. ನಾಲಿಗೆ ನಮಃ ಎನ್ನುವಲ್ಲೇ ನಿಂತು ಬಿಡುತ್ತಿತ್ತು.

"ಇದೊಂದೇ ಮಗು ಕಣ್ರವ್ವಾ ನಂಗೆ" ಎಂದಳು ಬೆಟ್ಟಮ್ಮ. ಬಯ್ಯಲಿಲ್ಲ. ಬೈದಿದ್ದರೆ ಗುರುಸಿದ್ದಮ್ಮನಿಗೆ ಹಗುರವಾಗುತ್ತಿತ್ತೇನೋ.

ಬಿಸಿಲು ಜಗಲಿಯಿಂದ ಇಳಿದು ಬೇಲಿಯ ಕಡೆ ಸರಿಯಿತು. ಮುಲುಗು ನಿಂತಾಗ ಇಬ್ಬರೂ ಹೆಂಗಸರು ಗಾಬರಿಯಿಂದ ಬಗ್ಗಿ ನೋಡಿದರು. ಪಾಪಿ ಕಣ್ಣು ಬಿಟ್ಟಳು. "ಅವ್ವಾ, ಒಟ್ಟೆ ಅಸೀತೈತೆ. ಮುದ್ದೆ ಬೇಕು."

"ಯಾಕೆ, ಎಳ್ಳುಬೆಲ್ಲ ಬ್ಯಾಡ್ವೇನೇ ಮುಂಡೇದೇ?" ಬೆಟ್ಟಮ್ಮ ನಗುತ್ತಲೇ ಅಳತೊಡಗಿದಳು. ಡಾಕ್ಟರು ಬಂದು ನಾಡಿ ನೋಡಿ, ಇನ್ನು ಭಯವಿಲ್ಲ ಎಂದರು. ಗುರುಸಿದ್ದಮ್ಮ ಎದ್ದು ಕಂಬದ ಮರೆಗೆ ಹೋಗಿ ನಿಂತಳು. ಸ್ವಲ್ಪ ಹೊತ್ತು ಅವಳ ಬೆನ್ನು ಮಾತ್ರ ಅಲುಗುತ್ತಿತ್ತು.

ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಸಂಜೆ ಬಂದಿಳಿದ ಈಶ್ವರಯ್ಯ ಸುದ್ದಿ ಕೇಳಿ ಮಂಚಯ್ಯನ ಮೇಲೆ ಎಗರಾಡಿದ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ. "ಅವನಿಗೆ ಯಾಕಪ್ಪಾ ಬಯ್ತೀಯ? ಮಕ್ಕಳ ತಿಂಡಿ ತಗೊಂಡೋಗಿ ಅಟ್ಟದ ಮೇಲೆ ಬಚ್ಚಿಟ್ಟೋಳು ನಾನು" ಎಂದಳು ಗುರುಸಿದ್ದಮ್ಮ. ತಪ್ಪಲೆ ಇಳಿಸಿ, ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದದ್ದನ್ನೆಲ್ಲ ಹೂಳಿಸಿದಳು.

"ಆನೆನೂವಾ ದೊಡ್ಡವ್ವಾ?" ಷಡಕ್ಷರಿಯ ಕಣ್ಣು ತುಂಬಿತ್ತು.

"ಆನೆನೂ ಕಣಪ್ಪ."

ಕೈ ತೊಳೆದು ಬಂದು ಕೂತಾಗ ಈಶ್ವರಯ್ಯ ಸಮಾಧಾನವಾಗಿದ್ದ. ಅತ್ತಿಗೆಯ ಮುಖ ನೋಡಿ ಅವನಿಗೆ ಕನಿಕರವಾಯಿತು. "ಅತ್ಗೆ, ಹಾಸನದಲ್ಲಿ ಒಬ್ಬ ಆಚಾರಿ ಅವನೆ. ಯುಗಾದಿ ಹೊತ್ಗೆ ನಿಮಗೊಂದು ಬೀರು ಮಾಡಿಸ್ತೀನಿ. ತೇಗದ್ದೇ. ಗಟ್ಟಿ ಬೀಗ ಹಾಕಿಸಿ, ಕೀಲಿಕೈ ನಿಮ್ಮ ಸೊಂಟಕ್ಕೆ ಕೊಡ್ತೀನಿ. ತಿಂಡಿ ಮೇಲೆ ಮಕ್ಕಳ ಕೈಯೂ ಬೀಳಲ್ಲ, ಆಳಿನ ಕೈಯೂ ಬೀಳಲ್ಲ. ನೀವು ನಿಶ್ಚಿಂತೆಯಾಗಿ ಪೂಜೆ ಮಾಡ್ಕೊಂಡಿರಬಹುದು."

ಬಾಗಿಲ ಮರೆಯಲ್ಲಿ ಗಂಗಾ ನಿಂತಿದ್ದಳು. ಒಳಗೆ ಬರಲೋ ಬೇಡವೋ ಎಂದು ಅವಳಿಗೆ ತೋಚುತ್ತಿರಲಿಲ್ಲ.

"ಬ್ಯಾಡ ಈಶ್ವರಯ್ಯಾ" ಎಂದಳು ಗುರುಸಿದ್ದಮ್ಮ. "ನೀನು ಪ್ರೀತಿಯಿಂದ ಹೇಳ್ತಾ ಇದ್ದೀಯ, ಗೊತ್ತು. ಇವತ್ತು ಈ ಮಗು ನನ್ನ ಮುಂದೆ ಬಾಯಿ ಬಿಡೋಕೆ ಹೆದರ್ತು. ನಾನು ಕೇಳ್ದಾಗ್ಲೇ ಹೇಳಿದ್ದಿದ್ರೆ ಪಾಪಿ ಆ ಚೂರೂ ಚೀಪ್ತಿರಲಿಲ್ಲವೋ ಏನೋ. ಬೀರು ಬ್ಯಾಡ. ಯುಗಾದಿ ತಿಂಡಿ ಒಲೆ ಪಕ್ಕದ ಗೂಡಲ್ಲೇ ಇರ್ಲಿ. ಬೇಕಾದಾಗ ಬಂದು ಕೇಳ್ತವೆ, ಕೊಡ್ತೀನಿ. ಕೇಳದೆ ತಗೊಂಡ್ರೆ ಬಂದು ಹೇಳ್ಲಿ."

"ಎಲ್ಲ ಒಂದೇ ದಿನಕ್ಕೆ ಖಾಲಿ ಮಾಡ್ತವೆ ಅತ್ಗೆ."

"ಮಾಡ್ಲಿ ಬಿಡು" ಎಂದು ಗುರುಸಿದ್ದಮ್ಮ ಬಾಗಿಲ ಮರೆಯಲ್ಲಿದ್ದ ಗಂಗಾಳ ಕಡೆ ಕೈ ಚಾಚಿದಳು.