ಯಜ್ಞೇಶ್ವರ ಎಲ್ಲವನ್ನೂ ತೆರೆದಿಟ್ಟದ್ದು

ಮುಂಬಯಿ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಯಜ್ಞೇಶ್ವರನನ್ನು ಎಲ್ಲರೂ ‘ಕರ್ನಲ್ ಸಾಹೇಬರು’ ಎನ್ನುತ್ತಿದ್ದರು. ಯಂತ್ರದಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ಉಳಿದದ್ದರ ಲಗಾಮು ಹಿಡಿಯುವ ಪ್ರೋಗ್ರಾಮಿಗೆ ‘ಕರ್ನಲ್’ ಎಂದು ಹೆಸರು. ಅದನ್ನು ಬರೆಯುವುದು ಅವನ ಕೆಲಸ. ಡೊಂಬಿವಲಿಯ ನೆರೆಯವರು ಮಾತ್ರ ಅವನು ಸೈನ್ಯದಲ್ಲಿದ್ದವನೆಂದು ನಂಬಿದ್ದರು. ಅವನೂ ತಿದ್ದಲು ಹೋಗಿರಲಿಲ್ಲ.

೧೯೮೬ರಲ್ಲಿ ಕಂಪನಿಯ ಮಾಲೀಕ ವಸಂತಕುಮಾರ ‘ಅಪ್ಪಟ ಸ್ವದೇಶಿ ಕಂಪ್ಯೂಟರ್’ ಎಂದು ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ. ಕಂಪ್ಯೂಟರ್ ಆಗಿನ್ನೂ ಪರದೆಯ ಮೇಲೆ ಒಂದು ಸ್ವಾಗತದ ಸಾಲು ತೋರಿಸಿ ಸಾಯುತ್ತಿತ್ತು.

ಯಂತ್ರ ಎದ್ದ ಹೊಸತರಲ್ಲಿ ಕರ್ನಲ್ ಎಲ್ಲವನ್ನೂ ಅದರ ನಿಜವಾದ ವಿಳಾಸದಲ್ಲೇ ಕಾಣುತ್ತದೆ. ಪರದೆಗೆ, ಡಿಸ್ಕಿಗೆ ಮೆಮೊರಿಯ ತುದಿಯಲ್ಲಿ ಒಂದೊಂದು ವಿಳಾಸ. ಅಲ್ಲಿ ಅಕ್ಷರ ಬರೆದರೆ ಪರದೆಯಲ್ಲಿ ಮೂಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ವಿಳಾಸ ಬದಲಿಸುವ ವ್ಯವಸ್ಥೆ ಚಾಲೂ ಆಗುತ್ತದೆ. ಆಮೇಲೆ ಅದರ ಪಟ್ಟಿಯಲ್ಲಿ, ಅಂದರೆ ಕೋಷ್ಟಕದಲ್ಲಿ, ಸೇರಿಸಿದ ವಿಳಾಸಗಳಿಗಷ್ಟೇ ಬದುಕು. ಯಜ್ಞೇಶ್ವರ ಅದರಲ್ಲಿ ಪರದೆಯನ್ನು ಸೇರಿಸುವುದನ್ನೇ ಮರೆತಿದ್ದ. ಕರ್ನಲ್ ಸಾಯುತ್ತಿತ್ತು, ಯಾಕೆ ಸತ್ತೆನೆಂದು ಹೇಳಲು ಪರದೆ ಬೇಕಲ್ಲ, ಅದೇ ಇಲ್ಲ.

ಅವನು ಠಾಣೆಯ ವಿದ್ಯುತ್ತನ್ನು ಬೈದ, ಸಮುದ್ರದ ಹಿನ್ನೀರಾದ ಖಾಡಿಯ ಉಪ್ಪುಗಾಳಿಯನ್ನು ಬೈದ. ಯಂತ್ರದ ಬೋರ್ಡ್ ತಯಾರಿಸಿದ ಸಹೋದ್ಯೋಗಿ ದ್ರೌಪದಿಯಿಂದ ಮತ್ತೆ ಮತ್ತೆ ಬೆಸುಗೆ ಹಾಕಿಸಿದ. ಕೊನೆಗೊಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಾಗ ತನ್ನ ತಪ್ಪು ಹೊಳೆಯಿತು. ಖುಷಿಯಾಯಿತು, ನಾಚಿಕೆಯೂ ಆಯಿತು. ಯಾರಿಗೂ ಹೇಳಲಿಲ್ಲ.

ಒಂದೊಂದು ಸಾಧನವನ್ನೂ ಕರ್ನಲ್‌ಗೆ ಮಾತ್ರ ಕಾಣುವಂತೆ ಸೇರಿಸಬೇಕಿತ್ತು. ಆದರೆ ಗಿರಾಕಿಗಳ ಮುಂದೆ ಯಂತ್ರ ನಡೆಸಿ ತೋರಿಸುವ ಡೆಮೊ ಹತ್ತಿರ ಬಂದಿತ್ತು. ಯಜ್ಞೇಶ್ವರ ಇಡೀ ಮೆಮೊರಿಯನ್ನೇ ಎಲ್ಲ ಪ್ರೋಗ್ರಾಮುಗಳಿಗೂ ತೆರೆದಿಟ್ಟ.

ದ್ರೌಪದಿ ಹುಬ್ಬುಗಂಟಿಕ್ಕಿದಳು. “ಹೀಗಾದ್ರೆ ಯಾವ ಪ್ರೋಗ್ರಾಮ್ ಬೇಕಾದ್ರೂ ಡಿಸ್ಕಿಗೆ ಕೈ ಹಾಕಬಹುದಲ್ಲ?”

“ಡೆಮೊ ಮುಗಿಯುವವರೆಗೆ ಮಾತ್ರ ಮಾರಾಯ್ತಿ. ಮತ್ತೆ ಸರಿ ಮಾಡ್ತೇನೆ.”

ಡೆಮೊದಲ್ಲಿ ಚಪ್ಪಾಳೆ ಬಿತ್ತು. ಡೊಂಬಿವಲಿಯ ಕನ್ನಡ ಸಂಘದವರು ಶಾಲು ಹೊದಿಸಿ, ‘ಗಡಿ ಕಾಯ್ದ ಕರ್ನಲ್, ಈಗ ಕಂಪ್ಯೂಟರ್ ತಜ್ಞ’ ಎಂದು ಕೊಂಡಾಡಿದರು. ಯಜ್ಞೇಶ್ವರ ತಲೆಬಾಗಿ ಸ್ವೀಕರಿಸಿದ.

“ಯಾವ ಗಡಿ ಕಾದದ್ದು ನೀವು? ದಿನಾ ಟ್ರೈನಲ್ಲಿ ದಾಟುವ ಮುಂಬ್ರಾದ್ದಾ?” ಎಂದು ಹೆಂಡತಿ ಜಯಲತಾ ದಾರಿಯುದ್ದಕ್ಕೂ ನಕ್ಕಳು.

ಸರಿಮಾಡುವ ಮಾತು ಮರೆತೇಹೋಯಿತು. ಮೊದಲ ಯಂತ್ರ ಕಲ್ಯಾಣದ ಲಾರಿ ಕಂಪನಿಗೆ ಹೋಯಿತು. ಅಲ್ಲಿ ಗುಲಬರ್ಗಾ ಕಡೆಯ ಗುಮಾಸ್ತ ಚಂದ್ರಾಮ ಉತ್ಸಾಹದಿಂದ ಸಣ್ಣದೊಂದು ಪ್ರೋಗ್ರಾಮ್ ಬರೆದ. ಅದರಲ್ಲೊಂದು ಅಂಕಿ ತಪ್ಪಿ ನೇರ ಡಿಸ್ಕಿನ ವಿಳಾಸಕ್ಕೆ ಬಡಿಯಿತು, ಒಳಗಿದ್ದದ್ದೆಲ್ಲ ಅಳಿಸಿಹೋಯಿತು. ಯಾವ ಲಾರಿ ಎಲ್ಲಿಗೆಂದು ತಿಳಿಯದೆ ಲಾರಿಗಳಲ್ಲಿದ್ದ ಈರುಳ್ಳಿ ನಿಂತಲ್ಲೇ ಕೊಳೆತು ನಾರಿತು.

“ಸಾಹೇಬ್ರ, ನಾ ಒಂದ ಅಂಕಿ ತಪ್ಪ ಒತ್ತೀನ್ರಿ,” ಎಂದ ಚಂದ್ರಾಮ, ನೋಡಲು ಬಂದ ಯಜ್ಞೇಶ್ವರನಿಗೆ. “ಅಷ್ಟಕ್ಕ ನಿಮ್ಮ ಮಷೀನು ತನ್ನ ಹೊಟ್ಟಿ ತಾನ ಕೊಯ್ಕೊಂಡ್ತಲ್ರಿ!”

ಯಜ್ಞೇಶ್ವರನಿಗೆ ಕಾರಣ ಅಲ್ಲೇ ಗೊತ್ತಾಯಿತು. ಲಾರಿ ಕಂಪನಿಯ ಮಾಲೀಕರ ಮುಂದೆ ಮಾತ್ರ, “ನಿಮ್ಮವನ ಅಜಾಗರೂಕತೆ,” ಎಂದ. ಚಂದ್ರಾಮನನ್ನು ಗೋದಾಮಿಗೆ ಅಟ್ಟಿದರು.

ಠಾಣೆಗೆ ಮರಳಿದವನು ಒಂದೇ ಸಲ ಕೂತು ಕೋಷ್ಟಕ ಸರಿಪಡಿಸಿದ. ಅಷ್ಟು ಸುಲಭದ ಕೆಲಸ ಅದು. ಎಲ್ಲ ಗಿರಾಕಿಗಳಿಗೂ ಕಳಿಸೋಣವೇ ಎಂದು ಕೇಳಿದ್ದಕ್ಕೆ ವಸಂತಕುಮಾರ ಕಣ್ಣರಳಿಸಿದ. “ಫುಕ್ಕಟೆ ಕೊಡ್ಲಿಕ್ಕೆ ನಮ್ಮದೆಂತ ಧರ್ಮಛತ್ರವಾ? ‘ಸುರಕ್ಷಾ ಆವೃತ್ತಿ’ ಅಂತ ಹೆಸರಿಟ್ಟು ಮಾರುವ.”

ಮೊದಲು ಕೊಂಡದ್ದು ಲಾರಿ ಕಂಪನಿಯೇ. ಯಜ್ಞೇಶ್ವರ ಅದನ್ನು ಹಾಕಲು ಹೋದಾಗ ಚಂದ್ರಾಮ ಗೋದಾಮಿನಿಂದ ಎದ್ದುಬಂದ.

“ಈಗ ತಪ್ಪ ಒತ್ತಿದ್ರ ಏನಾಗ್ತೈತ್ರಿ?”

“ಏನೂ ಆಗುದಿಲ್ಲ. ಆ ಪ್ರೋಗ್ರಾಮ್ ಮಾತ್ರ ನಿಲ್ತದೆ.”

“ಹಂಗಾರ ಅವತ್ತಿನ ತಪ್ಪ ಯಾರದ್ರಿ?”

ಯಜ್ಞೇಶ್ವರ ಲೋಕಲ್ ಟ್ರೈನಿಗೆ ಹೊತ್ತಾಯಿತೆಂದು ಎದ್ದ. ಚಂದ್ರಾಮ ಬಿಡದೆ ತನ್ನ ಮಾಲೀಕರನ್ನೇ ಕೇಳಿದ. ಒಂದೇ ಯಂತ್ರಕ್ಕೆ ಎರಡು ಸಲ ತೆತ್ತ ದಡ್ಡನೆನಿಸಿಕೊಳ್ಳಲು ಅವರಿಗೂ ಮನಸ್ಸಿಲ್ಲ. “ಜಾನೇ ದೋ, ಬಿಟ್ಟುಬಿಡು,” ಎಂದರು. ಚಂದ್ರಾಮ ಕೆಲಸ ಬಿಟ್ಟು ವಾಶಿಯ ಮಾರುಕಟ್ಟೆಯಲ್ಲಿ ಬೇರೆ ದಾರಿ ನೋಡಿಕೊಂಡ.

ಯಜ್ಞೇಶ್ವರನಿಗೆ ಬಡ್ತಿ ಸಿಕ್ಕಿತು, ಗಿರಾಕಿಗಳ ಗುಮಾಸ್ತರಿಗೆ ತರಬೇತಿ ಕೊಡುವ ಹುದ್ದೆ. ಕಂಪ್ಯೂಟರ್ ಎಂದೂ ತಪ್ಪು ಮಾಡುವುದಿಲ್ಲ ಎಂಬಲ್ಲಿಂದ ಅವನ ಪಾಠ ಶುರುವಾಗುತ್ತಿತ್ತು.